ಅಫಿಡವಿಟ್ ಕೇಳಿದ ಕಂಪೈಲರ್

‘ಐದು ನಿಮಿಷ, ಬಂದೆ’ ಎಂದು ಊಟಕ್ಕೆ ಕರೆದವರಿಗೆ ಹೇಳಿ ಒಂದೂವರೆ ಗಂಟೆಯಾಗಿತ್ತು. ಸಾರಿನ ಮೇಲೆ ತುಪ್ಪ ಹೆಪ್ಪುಗಟ್ಟಿತ್ತು. ನಾನಿನ್ನೂ, ಬರೆದ ಕೋಡನ್ನು ಯಂತ್ರದ ಭಾಷೆಗೆ ಅನುವಾದಿಸುವ ಕಂಪೈಲರ್ ಕೊಟ್ಟ ‘ಕರೆ ಅಸ್ಪಷ್ಟವಾಗಿದೆ’ ಎಂಬ ದೂರಿನ ಮುಂದೆಯೇ ಕುಳಿತಿದ್ದೆ.

ಕೆಲಸವೇನೋ ಚಿಕ್ಕದು. ಸಿ++ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ‘ತೋರಿಸು’ ಎಂಬ ಒಂದೇ ಹೆಸರಿನ ಎರಡು ಟೆಂಪ್ಲೇಟ್‌ಗಳು, ಅಂದರೆ ಹಲವು ಬಗೆಯ ಮೌಲ್ಯಗಳಿಗೆ ಹೊಂದುವ ಕೋಡಿನ ಅಚ್ಚುಗಳು. ಮೊದಲನೆಯದರ ಷರತ್ತು, ಬರುವವನು ಪೂರ್ಣಾಂಕವಾಗಿರಬೇಕು. ಎರಡನೆಯದಕ್ಕೆ ಅಷ್ಟೇ ಸಾಲದು, ಋಣವನ್ನೂ (ಸೊನ್ನೆಗಿಂತ ಕೆಳಗಿನ ಸಂಖ್ಯೆಯನ್ನೂ) ಹೊರಬಲ್ಲವನಾಗಿರಬೇಕು. ನಾನು ಕಳುಹಿಸಿದ್ದು ಒಂದು ಸಾದಾ ‘ಇಂಟ್’, ಅಂದರೆ ಋಣವೂ ಆಗಬಲ್ಲ ಪೂರ್ಣಾಂಕ. ಅದು ಎರಡಕ್ಕೂ ಅರ್ಹ. ಅಂಥ ಪೈಪೋಟಿಯಲ್ಲಿ ಬಿಗಿ ಷರತ್ತಿನವನೇ ಗೆಲ್ಲಬೇಕೆಂಬುದು ಭಾಷೆಯ 2020ರ ಆವೃತ್ತಿಯಾದ ಸಿ++20 ತಂದ ನಿಯಮ. ಎರಡನೆಯದರಲ್ಲಿ ಮೊದಲನೆಯದರ ಷರತ್ತು ಅಕ್ಷರಶಃ ಇದೆ. ನಾನೇ ನಕಲು ಮಾಡಿ ಅಂಟಿಸಿದ್ದು. ಆದರೂ ಕಂಪೈಲರ್ ತಕ್ಕಡಿಯಲ್ಲಿ ಎರಡೂ ಸಮತೂಕ!

ಜಿಸಿಸಿ ಎಂಬ ಕಂಪೈಲರ್ ಇಬ್ಬರು ಅಭ್ಯರ್ಥಿಗಳ ಹೆಸರು ಓದಿ ಕೈ ತೊಳೆದುಕೊಂಡಿತು. ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರ್ ಬೈದರೂ ಕಾರಣ ಹೇಳಿತು: ಒಂದೇ ಕಾನ್ಸೆಪ್ಟ್‌ನಿಂದ (ಹೆಸರಿಟ್ಟು ಬರೆದ ಷರತ್ತಿನಿಂದ) ಹುಟ್ಟದ ಷರತ್ತುಗಳು ನೋಡಲು ಒಂದೇ ತರಹ ಇದ್ದರೂ ಒಂದೇ ಅಲ್ಲ.

ತಕ್ಷಣ ನನಗೆ ಊರಿನ ಕಚೇರಿಯೊಂದರ ಗುಮಾಸ್ತರು ನೆನಪಾದರು. ಪಹಣಿಯಲ್ಲೂ ಆಧಾರ್‌ನಲ್ಲೂ ಅಪ್ಪನ ಹೆಸರು ಕೊಂಬು, ದೀರ್ಘ ಸಮೇತ ಒಂದೇ ಇತ್ತು. ಅವರು ಎರಡನ್ನೂ ಅಕ್ಕಪಕ್ಕ ಇಟ್ಟು, ಕನ್ನಡಕ ಸರಿಪಡಿಸಿಕೊಂಡು, ‘ಹೆಸರು ಒಂದೇ ಸರಿ, ಮನುಷ್ಯ ಒಬ್ಬನೇ ಎನ್ನುವುದಕ್ಕೆ ಏನು ದಾಖಲೆ? ಅಫಿಡವಿಟ್ ತನ್ನಿ’ ಎಂದಿದ್ದರು. ಎದುರಿಗೆ ನಿಂತಿದ್ದ ಅಪ್ಪ ಕೆಮ್ಮಿ ತಮ್ಮ ಇರವನ್ನು ಸೂಚಿಸಿದರು. ಅದು ದಾಖಲೆಯಾಗಲಿಲ್ಲ.

ಸರಿ, ಇಲ್ಲಿಯೂ ಅಫಿಡವಿಟ್ ಮಾಡಿಸಿದೆ. ‘ಪೂರ್ಣಾಂಕ’ ಎಂಬ ಕಾನ್ಸೆಪ್ಟ್ ಬರೆದು, ಎರಡೂ ಕಡೆ ಪೂರ್ಣಾಂಕದ ಷರತ್ತಿನ ಬದಲು ಅದರ ಹೆಸರನ್ನೇ ಹಾಕಿದೆ. ಕಂಪೈಲರ್ ತುಟಿಪಿಟಕ್ಕೆನ್ನದೆ ಒಪ್ಪಿತು. ಇಂಥದ್ದೇ ಕಾನ್ಸೆಪ್ಟ್‌ಗಳ ಜೋಡಿ ಭಾಷೆಯ ಜೊತೆಗೇ ಬರುವ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಮೊದಲೇ ತಯಾರಿತ್ತೆಂಬುದು ಆಮೇಲೆ ತಿಳಿಯಿತು; ಅದನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. (ಕಾನ್ಸೆಪ್ಟ್‌ಗಳನ್ನು ಸಿ++ನ ನಿಯಮ ರೂಪಿಸುವ ಸಮಿತಿ 2009ರಲ್ಲಿ ಕರಡಿನಿಂದಲೇ ಕಿತ್ತುಹಾಕಿತ್ತು. ಬೇರೆ ರೂಪದಲ್ಲಿ ಅವು ಭಾಷೆಗೆ ಸೇರಿದ್ದು 2020ರಲ್ಲಿ. ಹನ್ನೊಂದು ವರ್ಷ ಕಾದವರ ಸಾರಿನ ಗತಿ ಏನಾಗಿತ್ತೋ.)

ಮರುದಿನ ಅದೇ ಕೋಡನ್ನು ಆರ್ಮ್ ಚಿಪ್ಪಿನ, ಲಿನಕ್ಸ್ ಓಡುವ ಪುಟ್ಟ ಬೋರ್ಡಿಗೆ ಹಾಕಿದೆ. ಒಂದು ಅಕ್ಷರ ಕಳುಹಿಸಿದರೆ ತಪ್ಪು ಬಾಗಿಲಿಗೆ ಹೋಯಿತು. ಸಿ++ ಲೆಕ್ಕದಲ್ಲಿ ಅಕ್ಷರ ಹಿಡಿಯುವ ‘ಕ್ಯಾರ್’ ಕೂಡ ಪೂರ್ಣಾಂಕವೇ. ನನ್ನ ಎಕ್ಸ್86 ಚಿಪ್ಪಿನ ಲ್ಯಾಪ್‌ಟಾಪಿನ ಲಿನಕ್ಸ್‌ನಲ್ಲಿ ಅದು ಋಣ ಹೊರುತ್ತದೆ, ಆರ್ಮ್ ಲಿನಕ್ಸ್‌ನಲ್ಲಿ ಋಣಮುಕ್ತ! ಹಾಗಾಗಿ ಲ್ಯಾಪ್‌ಟಾಪಿನಲ್ಲಿ ಎರಡನೆಯ ‘ತೋರಿಸು’ ಓಡಿದರೆ ಬೋರ್ಡಿನಲ್ಲಿ ಮೊದಲನೆಯದು. ಈ ಸಲ ‘ಅಸ್ಪಷ್ಟ’ ಎಂಬ ದೂರೂ ಇರಲಿಲ್ಲ, ಎರಡೂ ಕಡೆ ಕಂಪೈಲರ್ ತೃಪ್ತವಾಗಿತ್ತು.

ಅಂದು ರಾತ್ರಿ ಯಾರೂ ನನ್ನನ್ನು ಊಟಕ್ಕೆ ಕರೆಯಲಿಲ್ಲ. ತಟ್ಟೆಯನ್ನು ಲ್ಯಾಪ್‌ಟಾಪಿನ ಪಕ್ಕ ತಂದಿಟ್ಟು ಹೋದರು.