ಎಂಜಿನ್ ಯಾವಾಗ ಬರುತ್ತದೆ, ಅದನ್ನು ಹೇಳಿ
ಹೊಗೆ ಕಡಿಮೆ ಮಾಡುವ ಎಂಜಿನ್ ತಯಾರಿಸುತ್ತೇವೆ ಅನ್ನುವ ಒಂದು ಕಂಪನಿಯ ಶೇರು ಕೊಂಡು ನಾಲ್ಕು ವರ್ಷವಾಯಿತು. ಬೆಲೆ ಇಳಿದರೆ ತಡೆದುಕೊಳ್ಳಬಹುದು. ಅವರ ಸುದ್ದಿಗಳನ್ನು ಮಾತ್ರ ತಡೆದುಕೊಳ್ಳಲು ಆಗುವುದಿಲ್ಲ. ಮೂರು ತಿಂಗಳಿಗೊಮ್ಮೆ ‘ಒಪ್ಪಂದಕ್ಕೆ ಸಹಿ’ ಅಂತ ದೊಡ್ಡ ಅಕ್ಷರದಲ್ಲಿ ಬರುತ್ತದೆ. ಆಸೆಯಿಂದ ಓದಿದರೆ ಬರೀ ತಿಳಿವಳಿಕೆ ಪತ್ರ (ಎಂಒಯು), ಅಂದರೆ ಮುಂದೆ ಒಟ್ಟಿಗೆ ಕೆಲಸ ಮಾಡುವ ಇರಾದೆ ಅಷ್ಟೇ. ಎಷ್ಟು ಎಂಜಿನ್, ಯಾವಾಗ, ಎಷ್ಟು ದುಡ್ಡಿಗೆ, ಒಂದೂ ಇಲ್ಲ.

ಅದರ ಹಿಂದೆಯೇ ಕಂಪನಿ ಹೊಸ ಶೇರು ಬಿಡುತ್ತದೆ, ಅದೂ ದೊಡ್ಡ ಹೂಡಿಕೆದಾರರಿಗೆ ಕಡಿಮೆ ಬೆಲೆಗೆ. ಲೆಕ್ಕ ನೋಡಿ: ಒಟ್ಟು 1 ಕೋಟಿ ಶೇರಲ್ಲಿ ನನ್ನದು 1,000 ಅಂದುಕೊಳ್ಳಿ. ಒಟ್ಟು 2 ಕೋಟಿ ಆದ ದಿನ ನನ್ನ ಪಾಲು ಮೊದಲಿದ್ದದ್ದರ ಅರ್ಧಕ್ಕೆ ಇಳಿಯುತ್ತದೆ. ನಾನು ಒಂದು ಶೇರನ್ನೂ ಮಾರಿಲ್ಲ, ಆದರೂ!

ಜೊತೆಗೆ ಹೈಡ್ರೋಜನ್ ಎಂಜಿನ್‌ಗೆ ‘ಶೂನ್ಯ ಮಾಲಿನ್ಯ’ ಅಂತ ಬರೆಯುತ್ತಾರೆ. ಹೈಡ್ರೋಜನ್ ಉರಿದರೆ ಇಂಗಾಲದ ಡೈಆಕ್ಸೈಡ್ ಹೆಚ್ಚೂಕಡಿಮೆ ಬರುವುದಿಲ್ಲ, ಸರಿ. ಆದರೆ ಎಂಜಿನ್ ಒಳಗಿನ ಬಿಸಿಗೆ ಗಾಳಿಯ ಸಾರಜನಕ, ಆಮ್ಲಜನಕ ಸೇರಿ ನೈಟ್ರೋಜನ್ ಆಕ್ಸೈಡ್ ಅನ್ನುವ ಮಾಲಿನ್ಯದ ಅನಿಲ ಆಗುತ್ತದೆ. ಅದನ್ನು ತಗ್ಗಿಸುವುದೇ ಕಷ್ಟದ ಕೆಲಸ ಅಲ್ವಾ? ಅದು ಎಷ್ಟು ಬರುತ್ತದೆ ಅನ್ನುವ ಪರೀಕ್ಷೆಯ ಅಂಕಿ ಕೊಡಿ ಸ್ವಾಮಿ. ಈ ತಂತ್ರಜ್ಞಾನದ ಮೇಲೆ ನನಗೆ ಈಗಲೂ ನಂಬಿಕೆ ಇದೆ. ಅದಕ್ಕೇ ಇಷ್ಟು ಕೇಳುತ್ತಿರುವುದು.