ಲಕ್ಯಾ ಅಣೆಕಟ್ಟಿನ ಹಿಂದಿರುವುದು ಬಯಲಲ್ಲ

ಕಬ್ಬಿಣದ ಗಣಿ ಮುಚ್ಚಿ ಖಾಲಿಯಾದ ಕುದುರೆಮುಖದ ಇನ್ನೊಂದು ವಿಡಿಯೋ ಈಗಷ್ಟೇ ಕಣ್ಣಿಗೆ ಬಿತ್ತು. ಖಾಲಿ ಕ್ವಾರ್ಟರ್ಸು, ಪಾಚಿ ಹಿಡಿದ ಗೋಡೆ, ಹೆದರಿಸುವ ಸಂಗೀತ. "ಒಂದು ದಿನ ಇದ್ದಕ್ಕಿದ್ದಂತೆ ಎಲ್ಲರೂ ಊರು ಬಿಟ್ಟರು" ಎಂಬ ವಿವರಣೆ ಬೇರೆ. ಕೊನೆಗೆ ಇಬ್ಬರು ಹುಡುಗರು ಲಕ್ಯಾ ಅಣೆಕಟ್ಟಿನ ಹಿಂದಿನ ಹೂಳಿನ ಮೇಲೆ ಆರಾಮಾಗಿ ನಡೆದುಹೋಗುತ್ತಾರೆ. ಸಿಟ್ಟು ನೆತ್ತಿಗೇರಿದ್ದು ಅಲ್ಲಿ. ಅದು ಬಯಲಲ್ಲ ಮಾರಾಯ್ರೇ, ಗಣಿಯ ಕೆಸರು!

ಕುದುರೆಮುಖದ್ದು ಕಡಿಮೆ ದರ್ಜೆಯ ಮ್ಯಾಗ್ನೆಟೈಟ್ (ಅಯಸ್ಕಾಂತಕ್ಕೆ ಅಂಟುವ) ಅದಿರು, ಕಬ್ಬಿಣದ ಅಂಶ ಶೇ. 38ರ ಆಸುಪಾಸು. ಬಳ್ಳಾರಿ ಅದಿರಿನ ಹಾಗೆ ಅಗೆದು ಲಾರಿಗೆ ತುಂಬಿ ಕಳಿಸುವಂತಿರಲಿಲ್ಲ. ನೀರು ಬೆರೆಸಿ ನುಣ್ಣಗೆ ಅರೆದು, ಅಯಸ್ಕಾಂತದ ಡ್ರಮ್ಮುಗಳಲ್ಲಿ ಕಬ್ಬಿಣವನ್ನು ಬೇರ್ಪಡಿಸಿ, ಶೇ. 67ರ ಸಾರ ತೆಗೆಯಬೇಕಿತ್ತು. ಮೂರು ಟನ್ ಅದಿರಿಗೆ ಹೆಚ್ಚುಕಡಿಮೆ ಒಂದು ಟನ್ ಸಾರ. ಆ ಸಾರವೂ ನೀರಿನಲ್ಲೇ ಕಲಸಿಕೊಂಡು 67 ಕಿ.ಮೀ. ಕೊಳವೆಯಲ್ಲಿ ಘಟ್ಟ ಇಳಿದು ಮಂಗಳೂರಿನ ಪಣಂಬೂರಿಗೆ ಹೋಗುತ್ತಿತ್ತು.  ಉಳಿದ ಎರಡು ಟನ್ ಕೆಸರು ಲಕ್ಯಾ ಹೊಳೆಗೆ ಕಟ್ಟಿದ ಅಣೆಕಟ್ಟಿನ ಹಿಂದೆ ಸೇರಿತು. ಘಟಕದ ಸಾಮರ್ಥ್ಯ ವರ್ಷಕ್ಕೆ 75 ಲಕ್ಷ ಟನ್ ಸಾರ. ಗಣಿ ನಡೆದದ್ದು ಕಾಲು ಶತಮಾನ. ಲೆಕ್ಕ ನೀವೇ ಹಾಕಿ.

ಈ ಕೆಸರಿನ ಗುಣ ಕೇಳಿ. ಮೇಲ್ಮೈ ಬಿಸಿಲಿಗೆ ಒಣಗಿ ಬಿರುಕುಬಿಡುತ್ತದೆ, ಗಟ್ಟಿ ನೆಲದಂತೆ ಕಾಣುತ್ತದೆ. ಕೆಳಗೆ ಕಣಗಳ ನಡುವೆ ನೀರು ಸಿಕ್ಕಿಕೊಂಡೇ ಇರುತ್ತದೆ. ಅಷ್ಟು ನುಣುಪಾದ ಕಣದಿಂದ ನೀರು ಬಸಿಯಲು ವರ್ಷಗಟ್ಟಲೆ ಬೇಕು. ತುಳಿತಕ್ಕೆ ಕಣಗಳ ಹಿಡಿತ ತಪ್ಪಿದರೆ ಅದು ಮತ್ತೆ ಕೆಸರೇ. ಕಾಲು ಎಳೆದಷ್ಟೂ ಒಳಗೆ ಹೋಗುತ್ತದೆ. ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗೆ ಎಂದು ಮೇಲಿನಿಂದ ನೋಡಿ ಹೇಳಲಾಗದು. ಎಳೆಯಲು ಬಂದವನೂ ಸಿಕ್ಕಿಹಾಕಿಕೊಳ್ಳುತ್ತಾನೆ.

ಇನ್ನು, ಯಾರೂ ಇದ್ದಕ್ಕಿದ್ದಂತೆ ಊರು ಬಿಡಲಿಲ್ಲ. ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಇಲ್ಲಿ ಅದಿರು ಗುರುತಿಸಿದ್ದು 1913ರಲ್ಲಿ. 1976ರಲ್ಲಿ ಗಣಿ ನಡೆಸುವ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿದ್ದು ಇರಾನಿನ ಷಾ ಸರ್ಕಾರದ ಸಾಲ ನಂಬಿ. 1979ರ ಕ್ರಾಂತಿಯಲ್ಲಿ ಷಾ ಹೋದರು, ಅದಿರು ಕೊಳ್ಳಬೇಕಿದ್ದ ಇರಾನೂ ಕೈಬಿಟ್ಟಿತು. ಗಣಿ ಗುತ್ತಿಗೆ 1999ರಲ್ಲಿ ಮುಗಿಯಿತು. 2002ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಲು ಗಡುವು ಕೊಟ್ಟಿತು, 2005ರ ಕೊನೆಗೆ ಗಣಿ ನಿಂತಿತು. ಮೂರು ವರ್ಷ ಮೊದಲೇ ಗೊತ್ತಿದ್ದ ದಿನ ಅದು! ವನ್ಯಜೀವಿ ಸಂರಕ್ಷಕ ಕೆ.ಎಂ. ಚಿಣ್ಣಪ್ಪನವರಂಥವರು ಕೋರ್ಟಿನವರೆಗೆ ಹೋಗಿ ಹೋರಾಡಿದ್ದನ್ನು ನುಂಗಿ ದೆವ್ವದ ಕತೆ ಕಟ್ಟುವುದು ಅನ್ಯಾಯ.

"ಪ್ರವಾಸಿಗರು ಬಂದರೆ ಊರವರಿಗೆ ನಾಲ್ಕು ಕಾಸು ಸಿಗುತ್ತದಲ್ಲ" ಅಂತೀರಿ. ಸಿಗಲಿ, ಗಣಿ ನಿಂತು ಕೆಲಸ ಕಳೆದುಕೊಂಡವರ ಕಷ್ಟ ಸಣ್ಣದಲ್ಲ. ಕಳಸದ ರಸ್ತೆಯಿಂದಲೇ ನೋಡಲು ಬೇಕಾದಷ್ಟಿದೆ. ಸುತ್ತಲ ಕಾಡು ರಾಷ್ಟ್ರೀಯ ಉದ್ಯಾನ, ಅರಣ್ಯ ಇಲಾಖೆಯ ಅನುಮತಿ ಪಡೆದು ಹೋಗಿ. ಹೂಳಿಗೆ ಇಳಿಯುವುದರಿಂದ ಯಾವ ಊರಿಗೂ ಲಾಭವಿಲ್ಲ.

ಗಣಿ ನಿಂತರೂ ಅಣೆಕಟ್ಟಿನ ಕೆಲಸ ನಿಂತಿಲ್ಲ. ಸುಮಾರು ನೂರು ಮೀಟರ್ ಎತ್ತರದ ಮಣ್ಣಿನ ಕಟ್ಟೆ ಅದು, ದೇಶದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದರಲ್ಲಿ ನಿಂತಿದೆ. ಇಂಥ ಕಟ್ಟೆ ಕೆಡುವುದು ಮುಖ್ಯವಾಗಿ ಎರಡು ದಾರಿಯಲ್ಲಿ. ನೀರು ಹೊರಹೋಗುವ ಕೋಡಿಗೆ ಮರದ ದಿಮ್ಮಿ, ಮಣ್ಣು ಅಡ್ಡಬಿದ್ದು ಮುಚ್ಚಿಕೊಂಡು, ನೀರು ನೆತ್ತಿಯ ಮೇಲೆ ಹರಿದು ಕೊರೆಯುವುದು ಒಂದು. ಒಳಗಿನ ಸೋರಿಕೆ ಮಣ್ಣಿನ ಕಣಗಳನ್ನು ಹೊತ್ತೊಯ್ದು ಸುರಂಗ ಮಾಡುವುದು ಇನ್ನೊಂದು. ಬುಡದಲ್ಲಿ ಒಸರುವ ನೀರು ತಿಳಿಯಾಗಿದ್ದರೆ ಸಮಾಧಾನ, ಕದಡಿದ್ದರೆ ಅಪಾಯ. ಒಸರಿನ ಪ್ರಮಾಣವನ್ನೂ ಕಟ್ಟೆಯೊಳಗಿನ ನೀರಿನ ಒತ್ತಡವನ್ನೂ ಮಳೆಗಾಲದಲ್ಲಿ ಬಿಡದೆ ಅಳೆಯಬೇಕು. ಆ ಅಂಕಿಗಳು ಪ್ರತಿ ತಿಂಗಳೂ ಜನರಿಗೆ ಕಾಣುವಂತೆ ಪ್ರಕಟವಾಗಲಿ. ಲಕ್ಯಾದ ನೀರು ಸೇರುವುದು ಭದ್ರೆಯನ್ನು, ಭದ್ರೆ ಹೋಗುವುದು ಲಕ್ಕವಳ್ಳಿಯ ಭದ್ರಾ ಜಲಾಶಯಕ್ಕೆ. ಶಿವಮೊಗ್ಗ, ದಾವಣಗೆರೆಯ ಗದ್ದೆ ತೋಟದವರೇ, ಮುಂದಿನ ಮಳೆಗೆ ಮೊದಲೇ ನಿಮ್ಮ ಶಾಸಕರ ಬಳಿ ಈ ಅಂಕಿ ಕೇಳಿ.