ಚದರಡಿಗೆ ಇಷ್ಟು ಬಾಯಾರಿಕೆ

ತೊರೆಕಾಡನಹಳ್ಳಿಯ ಕಡೆಯಿಂದ ಸುಮಾರು 100 ಕಿಲೋಮೀಟರ್ ಹಾದಿ ಸವೆಸಿ, ಪಂಪುಗಳ ಬಲದಿಂದ ಮೇಲೇರಿ ಬೆಂಗಳೂರಿಗೆ ಬರುವ ಕಾವೇರಿ ನೀರನ್ನು ಜಲಮಂಡಳಿ ಲೀಟರಿನಲ್ಲಿ ಅಳೆಯುತ್ತದೆ. 2024ರ ಬೇಸಿಗೆಯಲ್ಲಿ ಊರು ಒಣಗಿದಾಗ ಜಿಲ್ಲಾಡಳಿತ ಟ್ಯಾಂಕರುಗಳಿಗೆ ದರ ಕಟ್ಟಿದ್ದೂ ಲೀಟರಿನ ಲೆಕ್ಕದಲ್ಲೇ: ಐದು ಕಿಲೋಮೀಟರಿನೊಳಗೆ 6,000 ಲೀಟರಿಗೆ 600 ರೂಪಾಯಿ. ಟ್ಯಾಂಕರಿನವನ ಲೀಟರು ತುಸು ಕುಳ್ಳಗಿರಬಹುದು, ಆದರೂ ಅವನು ಹೇಳುವುದು ಲೀಟರನ್ನೇ. ಇದೇ ನೀರು ಅಪಾರ್ಟ್‌ಮೆಂಟಿನ ಗೇಟು ದಾಟಿ ಸಂಪಿಗೆ ಬಿದ್ದ ಮೇಲೆ ಮಾತ್ರ ಲೀಟರೆಂಬುದು ಯಾರಿಗೂ ಬೇಡವಾಗುತ್ತದೆ. ಅಲ್ಲಿಂದ ಮುಂದೆ ಮನುಷ್ಯನ ಬಾಯಾರಿಕೆ, ಸ್ನಾನ, ಪಾತ್ರೆ, ಬಟ್ಟೆ ಎಲ್ಲಕ್ಕೂ ಚದರಡಿಯೇ ಮಾನದಂಡ.

ವೈಟ್‌ಫೀಲ್ಡ್ ಕಡೆಯ ಒಂದು ಸಮುಚ್ಚಯವನ್ನೇ ನೋಡೋಣ. ನೀರು, ದೀಪ, ಲಿಫ್ಟು, ಡೀಸೆಲ್ಲು, ಕಾವಲು ಎಲ್ಲವನ್ನೂ ಒಂದೇ ಗಂಟು ಕಟ್ಟಿ ಚದರಡಿಗೆ ನಾಲ್ಕೂವರೆ ರೂಪಾಯಿ ಮೇಂಟೆನೆನ್ಸ್ ಎಂದು ಅಲ್ಲಿ ನಿಗದಿಯಾಗಿದೆ. 1,650 ಚದರಡಿಯ ಮನೆಯಲ್ಲಿ ನಿವೃತ್ತ ದಂಪತಿ ಇಬ್ಬರೇ ಇದ್ದಾರೆ. ತಿಂಗಳಿಗೆ 7,425 ರೂಪಾಯಿ ಕಟ್ಟುತ್ತಾರೆ. ಎದುರಿನ 1,200 ಚದರಡಿಯ ಮನೆಯಲ್ಲಿ ಆರು ಮಂದಿ ಯುವಕರು, ಎರಡು ವಾಷಿಂಗ್ ಮೆಷಿನ್ನು, ಮೂರು ಪಾಳಿಯ ಸ್ನಾನ. ಅವರ ಬಿಲ್ಲು 5,400. ತಲಾ ಒಂಬೈನೂರು ರೂಪಾಯಿಗೆ ಕಾವೇರಿಯಲ್ಲಿ ಮೀಯುವ ಈ ಭಾಗ್ಯ ತಲಕಾವೇರಿಯಲ್ಲಿ ಹುಟ್ಟಿದವರಿಗೂ ಇಲ್ಲ. ಅಂದಹಾಗೆ, ದಂಪತಿಯ ಬಿಲ್ಲು 7,500ಕ್ಕೆ ಎಪ್ಪತ್ತೈದು ರೂಪಾಯಿ ಮೊದಲೇ ನಿಂತದ್ದು ಆಕಸ್ಮಿಕವೆಂದು ಯಾರೂ ಭಾವಿಸಬಾರದು. ಆ ಗೆರೆ ದಾಟಿದರೆ ಶೇ 18ರ ಜಿಎಸ್‌ಟಿ ಕಾದಿರುತ್ತದೆ, ಆದ್ದರಿಂದ ಇಡೀ ಲೆಕ್ಕದಲ್ಲಿ ನಿಜಕ್ಕೂ ಅಳೆದು ತೂಗಿ ಇಟ್ಟ ಅಂಕಿ ಅದೊಂದೇ.

ಇನ್ನು ಈ 1,650 ಎಂಬುದಾದರೂ ಎಲ್ಲಿಂದ ಬಂತು? ಟೇಪು ಹಿಡಿದು ಮನೆಯೆಲ್ಲ ಅಳೆದರೂ ಅಷ್ಟು ಸಿಗುವುದಿಲ್ಲ, ಏಕೆಂದರೆ ಅದು ಸೂಪರ್ ಬಿಲ್ಟ್-ಅಪ್. ಮಾರುವಾಗ ಕಾರ್ಪೆಟ್ ಏರಿಯಾವನ್ನೇ, ಅಂದರೆ ಮನೆಯೊಳಗೆ ನಿಜಕ್ಕೂ ಬಳಸಲು ಸಿಗುವ ಜಾಗವನ್ನೇ ಹೇಳಬೇಕೆಂದು 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ (ರೇರಾ) ಬಿಲ್ಡರುಗಳನ್ನು ಕಟ್ಟಿಹಾಕಿತು. ತಿಂಗಳ ಬಿಲ್ಲಿನಲ್ಲಿ ಮಾತ್ರ ಹಳೆಯ ಅಳತೆ ಸುಖವಾಗಿ ಬಾಳುತ್ತಿದೆ. ಗೋಡೆಯ ದಪ್ಪ, ಮೆಟ್ಟಿಲು, ಕಾರಿಡಾರು, ಲಿಫ್ಟಿನ ಬಾವಿ ಇವುಗಳಲ್ಲಿ ದಂಪತಿಯ ಪಾಲಿಗೆ ಬಂದ ಚೂರುಗಳೆಲ್ಲ ಆ ಅಂಕಿಯೊಳಗೆ ಅಡಗಿವೆ. ಹಾಗಾಗಿ ಅವರ ಪಾಲಿನ ಮೆಟ್ಟಿಲು ದಿನವೂ ನೀರು ಕುಡಿಯುತ್ತದೆ, ಅವರ ಪಾಲಿನ ಗೋಡೆ ಬಚ್ಚಲಿಗೆ ಹೋಗಿಬರುತ್ತದೆ. ಲಿಫ್ಟಿನ ಬಾವಿಯಲ್ಲಂತೂ ನೀರಿಲ್ಲ, ಆದರೂ ಅದರ ಹೆಸರಿನಲ್ಲಿ ನೀರಿನ ಬಿಲ್ಲಿದೆ.

ವಿದ್ಯುತ್ತಿನ ಕಥೆ ಇದಕ್ಕಿಂತ ಚಿಕ್ಕದು, ಏಕೆಂದರೆ ಮನೆಯೊಳಗೆ ಬೆಸ್ಕಾಂ ಮೀಟರಿದೆ. 2023ರ ಜುಲೈನಿಂದ ಗೃಹಜ್ಯೋತಿಯ ಕೃಪೆಯಿಂದ 200 ಯೂನಿಟ್ ಒಳಗಿನ ಎಷ್ಟೋ ಮನೆಗಳಲ್ಲಿ ಬಿಲ್ಲು ಸೊನ್ನೆ. ಆದರೆ ಬಾಗಿಲ ಹೊರಗಿನ ಕಾರಿಡಾರಿನ ದೀಪಕ್ಕೆ ಜ್ಯೋತಿಯ ಭಾಗ್ಯವಿಲ್ಲ. ಅದು ಸಾಮಾನ್ಯ ಮೀಟರಿನದು, ಮತ್ತದೇ ಚದರಡಿಯ ಪಾಲು. ನೆಲಮಹಡಿಯವರು ಹತ್ತದ ಲಿಫ್ಟಿಗೆ ಕೊಡುತ್ತಾರೆ. ಬೀಗ ಹಾಕಿಕೊಂಡು ಅಮೆರಿಕದಲ್ಲಿರುವವರು ಇಲ್ಲಿ ಕರೆಂಟು ಹೋದಾಗ ಉರಿಯುವ ಡೀಸೆಲ್ಲಿಗೂ ಕೊಡುತ್ತಾರೆ.

ಇದಕ್ಕೆ ಕಾನೂನಿನ ಆಧಾರವನ್ನೂ ತೋರಿಸಲಾಗುತ್ತದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಪ್ರಕಾರ ಸಾಮಾನ್ಯ ವೆಚ್ಚವನ್ನು ಅವಿಭಜಿತ ಪಾಲಿಗೆ, ಅಂದರೆ ಎಲ್ಲರಿಗೂ ಸೇರಿದ ಜಾಗದಲ್ಲಿ ಆಯಾ ಮನೆಗಿರುವ ಪಾಲಿಗೆ ಅನುಗುಣವಾಗಿ ಹಂಚಬೇಕು. ಮುಚ್ಚಿದ ಬಾಗಿಲ ಹಿಂದೆ ಒಬ್ಬರು ಮೀಯುವ ಬಕೆಟ್ಟಿನ ನೀರು ಯಾವ ಬಗೆಯ ಸಾಮಾನ್ಯ ವೆಚ್ಚ ಎಂದು ಕೇಳಿದರೆ ಕಾರ್ಯದರ್ಶಿಗಳು ಬೈಲಾ ಹುಡುಕಲು ಒಳಗೆ ಹೋಗುತ್ತಾರೆ. ದೊಡ್ಡ ಮನೆಯವರು ಎಲ್ಲರಿಗೂ ಸಮಪಾಲು ಎಂದು ವಾದಿಸುವ ಸಮತಾವಾದಿಗಳು. ಚಿಕ್ಕ ಮನೆಯವರು ಉಳ್ಳವರೇ ಹೆಚ್ಚು ಕೊಡಲಿ ಎನ್ನುವ ಸಮಾಜವಾದಿಗಳು. ಎರಡು ಬೆಡ್‌ರೂಮಿನಿಂದ ಮೂರು ಬೆಡ್‌ರೂಮಿಗೆ ಹೋದವರು ಸಾಮಾನು ಇಳಿಸುವ ಮುನ್ನವೇ ಪಕ್ಷ ಬದಲಿಸುತ್ತಾರೆ.

ಮನೆಮನೆಗೆ ನೀರಿನ ಮೀಟರು ಹಾಕಿಸಿಬಿಡಿ ಎಂದು ನಿವೃತ್ತ ದಂಪತಿ ಅರ್ಜಿ ಕೊಟ್ಟರು. ಸರ್ವಸದಸ್ಯರ ಸಭೆ ಕ್ಲಬ್ ಹೌಸಿನಲ್ಲಿ, ಸಾಮಾನ್ಯ ಮೀಟರಿನ ಎಸಿಯ ತಂಪಿನಲ್ಲಿ ನಡೆಯಿತು. ಹಳೆಯ ಕಟ್ಟಡದಲ್ಲಿ ನೀರು ಮನೆಯೊಳಕ್ಕೆ ಒಂದೇ ಕಡೆಯಿಂದ ಬರುವುದಿಲ್ಲ. ಓವರ್‌ಹೆಡ್ ಟ್ಯಾಂಕಿನಿಂದ ಅಡುಗೆಮನೆಗೊಂದು, ಬಚ್ಚಲಿಗೊಂದೊಂದು, ಯುಟಿಲಿಟಿಗೊಂದು ಎಂದು ಬೇರೆ ಬೇರೆ ಶಾಫ್ಟಿನಲ್ಲಿ ಪೈಪು ಇಳಿದಿರುತ್ತದೆ. ಹಾಗಾಗಿ ಒಂದು ಮನೆಗೆ ನಾಲ್ಕು ಮೀಟರು ಬೇಕು. ಇದನ್ನು ಪ್ಲಂಬರು ವಿವರಿಸಿದಾಗ ಸಭೆಗೆ ಜ್ಞಾನೋದಯವೂ ಆಯಿತು, ಎದೆಯೂ ಝಲ್ಲೆಂದಿತು. “ಸಾರ್, ನೀವು ಇಬ್ಬರೇ ಇದ್ದೀರಿ, ನಿಮಗೇಕೆ ಇಷ್ಟು ನೀರಿನ ಚಿಂತೆ?” ಎಂದು ಆರು ಮಂದಿಯ ಮನೆಯ ಮಾಲೀಕರು ಕಳಕಳಿಯಿಂದ ವಿಚಾರಿಸಿದರು. ಅವರು ಇರುವುದು ಜಯನಗರದ ಸ್ವಂತ ಮನೆಯಲ್ಲಿ.

ಎರಡು ಗಂಟೆಯ ಚರ್ಚೆಯ ಬಳಿಕ ಬಳಸಿದಷ್ಟಕ್ಕೇ ಹಣ ಎಂಬ ತತ್ವ ಸರ್ವಾನುಮತದಿಂದ ಅಂಗೀಕಾರವಾಯಿತು. ಮೀಟರುಗಳ ಖರ್ಚನ್ನು ಚದರಡಿಗೆ ಹತ್ತು ರೂಪಾಯಿಯಂತೆ ಸಂಗ್ರಹಿಸಲಾಗುವುದೆಂದು ಖಜಾಂಚಿ ಪ್ರಕಟಿಸಿದರು: ಆರು ಮಂದಿಯ ಮನೆಗೆ 12,000, ಇಬ್ಬರ ಮನೆಗೆ 16,500.